ಕೊರ್ಪಿ ಮೂಗಿನ ಅಣಬೆ ಜಾಗ

ನಮ್ಮೂರಿಗೆ ನಾವೇ ಬಗೆದ ಅತಿ ದೊಡ್ಡ ದ್ರೋಹವೆಂದರೆ, ಆಗಸ್ಟಿನ ಒಂದು ಬೆಳಿಗ್ಗೆ ಎಲ್ಲರೂ ಒಂದೇ ಸುಳ್ಳು ಹೇಳಿದ್ದು. ಮೊದಲೇ ಮಾತಾಡಿಕೊಂಡಿರಲಿಲ್ಲ. ಫಿನ್ಲೆಂಡಿನ ಸರೋವರದಂಡೆಯ ಜನಕ್ಕೆ ಈ ಸುಳ್ಳಿಗೆ ಮಾತುಕತೆ ಬೇಕಿಲ್ಲ.

ಪುರಸಭೆಯ ಅಧಿಕಾರಿ ರೈಯಾ ನಮ್ಮೂರ ಅಂಗಡಿಯ ಕಾಫಿ ಮೇಜಿನ ಪಕ್ಕ ನಿಂತು ಬಂದವರನ್ನೆಲ್ಲ ಕೇಳುತ್ತಿದ್ದಳು: "ಹೊರಗಡೆ ಸುತ್ತಾಡೋಕೆ ಎಲ್ಲೆಲ್ಲಿ ಹೋಗ್ತೀರ? ಯಾವ ಕಾಲಕ್ಕೆ ಯಾವ ಜಾಗ?"

ಓರ್ವೊಕ್ಕಿಯ ಬೆರಳೆಲ್ಲ ಕಾಡುಹಣ್ಣಿನ ರಸಕ್ಕೆ ನೇರಳೆಯಾಗಿತ್ತು, ಕೂದಲಲ್ಲಿ ಪೈನ್ ಎಲೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದ ಗಟ್ಟಿ ಹೆಂಗಸು. "ನಾನೆಲ್ಲಿಗೆ ಹೋಗ್ಲಿ ತಾಯಿ, ಮಂಡಿನೋವು," ಎಂದಳು.

ನೆರೆಮನೆಯ ವೆಯಿಕ್ಕೊನ ತಲೆಯಿಂದ ಸರೋವರದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. "ನಾನು ಮನೇಲಿ ಟಿವಿ ನೋಡ್ತೀನಿ," ಎಂದ.

ನಾನೂ ಕಡಿಮೆಯವಳಲ್ಲ. ಎಲ್ಲಿಗೂ ಹೋಗಲ್ಲವೆಂದು ತಲೆ ಅಲ್ಲಾಡಿಸಿ ಕಾಫಿ ಕುಡಿದೆ.

ಅಣಬೆ ಬೆಳೆಯುವ ಜಾಗವನ್ನು ನಮ್ಮಲ್ಲಿ ಯಾರೂ ಬಾಯಿಬಿಡುವುದಿಲ್ಲ. ಮಗಳ ಮದುವೆಗೆ ದೋಣಿ ಕೊಟ್ಟಾರು, ಉಗಿಸ್ನಾನದ ಸೌನಾ ಕೊಟ್ಟಾರು, ಅಣಬೆಯ ಜಾಗ ಕೊಡರು. "ಕೊರ್ಪಿ ಮೂಗಿಗೆ ಹೋಗ್ತೀನಿ" ಎಂದರೆ ಸಾಕು, ಕೇಳಿದವನು ನಾಳೆಯೇ ಬುಟ್ಟಿ ಹಿಡಿದು ಹಿಂದೆ ಬರುತ್ತಾನೆ. ಸರೋವರದೊಳಕ್ಕೆ ಉದ್ದಕ್ಕೆ ಚಾಚಿಕೊಂಡ ಪುರಸಭೆಯ ಕಾಡು ಅದು. ಆಕಾರ ನೋಡಿ ಮೂಗು ಎನ್ನುತ್ತೇವೆ.

ಸೆಪ್ಟೆಂಬರಿನಲ್ಲಿ ಪುರಸಭೆಯ ಪ್ರಕಟಣೆ ಬಂತು: ಕೊರ್ಪಿ ಮೂಗನ್ನು ಯಾರೂ ಬಳಸುತ್ತಿಲ್ಲ, ಆದ್ದರಿಂದ ವಿಹಾರಮನೆ ಕಟ್ಟುವ ಕಂಪನಿಗೆ ಮಾರಲಾಗುವುದು; ಆಕ್ಷೇಪಣೆ ಇದ್ದವರು ಊರ ಸಭೆಯಲ್ಲಿ ಹೇಳಬಹುದು. ನಾಲ್ಕೂ ಋತುಗಳಲ್ಲಿ ಪ್ರಕೃತಿಯ ಮಡಿಲಲ್ಲಿ ವಾಸ, ಎಂದು ಕಂಪನಿಯ ಜಾಹೀರಾತು. ಮಡಿಲಿಗೆ ಗೇಟು ಹಾಕಿ ಬೀಗ ಜಡಿಯುವವರ ಭಾಷೆ ಯಾವಾಗಲೂ ಹೀಗೆ ಮೆತ್ತಗಿರುತ್ತದೆ.

ಕಾಡು ಯಾರ ಹೆಸರಲ್ಲಾದರೂ ಇರಲಿ, ನಡೆಯಲು, ಹಣ್ಣು ಕೀಳಲು, ಅಣಬೆ ಆರಿಸಲು ನಮ್ಮ ದೇಶದಲ್ಲಿ ಯಾರ ಅಪ್ಪಣೆಯೂ ಬೇಡ. ಮನೆಯ ಅಂಗಳಕ್ಕೆ ಮಾತ್ರ ಕಾಲಿಡಬಾರದು. ದುಡ್ಡಿದ್ದವರಿಗೆ ಅಷ್ಟೇ ಸಾಕು. ಸಾಲಾಗಿ ಮನೆ ಕಟ್ಟಿಬಿಟ್ಟರೆ ಕಾಡೆಲ್ಲ ಅಂಗಳ, ದಂಡೆಯೆಲ್ಲ ಅಂಗಳ. ಕಾನೂನು ಹಾಗೇ ಇರುತ್ತದೆ, ನಡೆಯಲು ನೆಲ ಇರುವುದಿಲ್ಲ.

ಓರ್ವೊಕ್ಕಿ ನನ್ನ ಅಡುಗೆಮನೆಗೆ ಬಂದು ಕುರ್ಚಿ ಎಳೆದಳು. "ಆ ಕಾಡು ಹೋದ್ರೆ ನಾನು ಬರೀ ಮಂಡಿನೋವಿನ ಮುದುಕಿ ಕಣೇ. ಅಲ್ಲಿಗೆ ಹೋಗೋದ್ರಿಂದಲೇ ಈ ಮಂಡಿ ಬಗ್ತಿರೋದು."

"ಹಾಗಾದ್ರೆ ಸಭೇಲಿ ಎದ್ದು ಹೇಳು."

"ನೀನು ಹೇಳು."

ಇಬ್ಬರೂ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡೆವು.

ಶಾಲೆಯ ಆಟದ ಕೋಣೆಯಲ್ಲಿ ಸಭೆ. ಊರಿಗೆ ಊರೇ ಬಂದಿತ್ತು. ರೈಯಾ ದೊಡ್ಡ ನಕ್ಷೆಯೊಂದನ್ನು ಗೋಡೆಗೆ ಅಂಟಿಸಿ ಕೇಳಿದಳು: "ಈ ಜಾಗ ಬೇಕು ಅಂತೀರ. ಸರಿ. ಯಾರು ಎಲ್ಲಿಗೆ ಹೋಗ್ತೀರ, ಬಂದು ಗುರುತು ಮಾಡಿ. ಪುರಸಭೆ ಸದಸ್ಯರು ಅದನ್ನ ನೋಡಿ ಮತ ಹಾಕ್ತಾರೆ."

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು.

"ಹಾಗಾದ್ರೆ ಯಾರೂ ಹೋಗಲ್ಲ ಅಂತಾಯ್ತು," ಎಂದಳು ರೈಯಾ.

ಓರ್ವೊಕ್ಕಿ ಎದ್ದಳು. ಪೆನ್ನು ತೆಗೆದುಕೊಂಡು ನಕ್ಷೆಯ ಮುಂದೆ ನಿಂತಳು. ಮುಚ್ಚಳ ತೆಗೆದು ಮತ್ತೆ ಹಾಕಿದಳು, ಮತ್ತೆ ತೆಗೆದಳು. ಹಿಮ ಸುರಿಯುವಾಗ ಬೆಟ್ಟದ ತಿರುವಿನಲ್ಲಿ ಬಸ್ಸು ಇಳಿಸಿದ ಕೈ ಅದು. ಮೊದಲು ದಂಡೆಯ ಬಂಡೆಗೆ ಚುಕ್ಕೆಯಿಟ್ಟಳು. "ಇಲ್ಲಿ ಈಜ್ತೀನಿ." ಯಾರಿಗೂ ಆಸಕ್ತಿಯಿಲ್ಲ. "ಇಲ್ಲಿ ಚಳಿಗಾಲದಲ್ಲಿ ಹಿಮಜಾರಾಟ." ಆಕಳಿಕೆ. ಆಮೇಲೆ ಕಣ್ಣು ಮುಚ್ಚಿ ಮೂರನೆಯ ಚುಕ್ಕೆಯಿಟ್ಟಳು. "ಇಲ್ಲಿ... ಹಳದಿ ಅಣಬೆ."

ಊರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿತು.

"ಏಯ್, ಅದು ನನ್ ಜಾಗ!" ಎಂದು ಕೂಗಿದವನು ಅವಳ ಗಂಡ ತಾಯಿಸ್ತೊ.

"ನಿಮ್ದಾ? ನೀವು ದೋಣಿ ರಿಪೇರಿಗೆ ಅಂತ ಹೋಗ್ತಿದ್ರಲ್ಲ!"

"ನೀನು ಚರ್ಚಿಗೆ ಹಾಡೋಕೆ ಅಂತ ಹೋಗ್ತಿದ್ದೆ!"

"ಅಂದ್ರೆ ಪ್ರತಿ ವರ್ಷ ನಾನು ಹೋಗೋದ್ರೊಳಗೆ ಅರ್ಧ ಕೊಯ್ಕೊಂಡು ಹೋಗ್ತಿದ್ದ ಕಳ್ಳ ನೀವೇನ್ರೀ? ಅವನಿಗೆ ನಾನೆಷ್ಟು ಶಾಪ ಹಾಕಿದೀನಿ ಗೊತ್ತಾ, ಅಣಬೆ ಹುರೀತಾ ಹುರೀತಾ!"

"ಆ ಹುರಿದಿದ್ದರಲ್ಲಿ ಅರ್ಧ ನಾನೇ ತಂದಿದ್ದು ಕಣೇ!"

ಸಭೆ ಹೊಟ್ಟೆ ಹಿಡಿದು ನಗುತ್ತಿರುವಾಗ ವೆಯಿಕ್ಕೊ ತಾನಾಗಿ ಸಿಕ್ಕಿಬಿದ್ದ. "ಸುಳ್ಳು! ಅಲ್ಲಿ ಅರ್ಧ ಎಲ್ಲಿರುತ್ತೆ? ನಾನು ಬಿಟ್ಟಿದ್ದಷ್ಟೇ ನಿಮಗೆ ಸಿಕ್ತಿದ್ದಿದ್ದು!"

"ಟಿವಿ ನೋಡ್ತಿದ್ದೆ ಅಂದ್ಯಲ್ಲೋ!" ಎಂದು ನಾನು ಕೂಗಿದೆ. ಕೋಪಕ್ಕೆ ನನ್ನ ಬಾಯಿಂದಲೂ ಹೊರಬಿತ್ತು: "ಆ ಉರುಳಿದ ಬರ್ಚ್ ಮರದ ಆಚೆಗಿರೋದೆಲ್ಲ ನಂದು, ಯಾರೂ ಮುಟ್ಟಂಗಿಲ್ಲ!"

ಆಮೇಲೆ ತಡೆಯುವವರಿರಲಿಲ್ಲ. ವಸಂತದಲ್ಲಿ ಮರದ ರಸ ಇಳಿಸುವವರು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವವರು, ಎಲ್ಲರೂ ನುಗ್ಗಿ ಪೆನ್ನು ಕಿತ್ತುಕೊಂಡರು. ಅದು ನಂದು, ನೀನು ಕಳ್ಳ, ನಿಮ್ಮಪ್ಪನೂ ಕಳ್ಳ ಎನ್ನುತ್ತ ಚುಕ್ಕೆಯ ಮೇಲೆ ಚುಕ್ಕೆ. ಕೊನೆಗೆ ನಕ್ಷೆಯಲ್ಲಿ ಮೂಗಿಗೆ ಸಿಡುಬು ಎದ್ದಂತಿತ್ತು.

ಮೂಲೆಯಲ್ಲಿ ಕೂತಿದ್ದ ಕಂಪನಿಯವನು ಸದ್ದಿಲ್ಲದೆ ಕಡತ ಮಡಚಿಕೊಂಡ. ಸದಸ್ಯರಲ್ಲಿ ಇಬ್ಬರು ತಾವೇ ಚುಕ್ಕೆಯಿಟ್ಟು ಬಂದಿದ್ದರು. ಮಾರಾಟ ಬೇಡವೆಂದು ಮತ ಬಿತ್ತು.

ಮಳೆ ಬಂದು ಹೋದ ಭಾನುವಾರ ಓರ್ವೊಕ್ಕಿ ಬುಟ್ಟಿ ಹಿಡಿದು ತನ್ನ ಮೂರನೆಯ ಚುಕ್ಕೆಗೆ ಹೋದಳು. ಜೊತೆಗೆ ನಾನೂ ಇದ್ದೆ. ಊರೆಲ್ಲ ಅಲ್ಲೇ ನಿಂತಿತ್ತು. ನೆಲದಲ್ಲಿ ಒಂದೇ ಒಂದು ಅಣಬೆಯಿಲ್ಲ.

"ಸುಮ್ನೆ ಗಾಳಿಗೆ ಬಂದೆ," ಎಂದ ವೆಯಿಕ್ಕೊ, ಬುಟ್ಟಿಯನ್ನು ಬೆನ್ನ ಹಿಂದೆ ಹಿಡಿದು.

ಓರ್ವೊಕ್ಕಿ ಖಾಲಿ ನೆಲವನ್ನು ನೋಡಿದಳು. ಅಲ್ಲಿ ನಿಂತವರನ್ನೂ ನೋಡಿದಳು. ಇವರೆಲ್ಲ ಕಾಲಿಡಬಹುದಾದ ನೆಲವನ್ನು ಉಳಿಸಿಕೊಳ್ಳಲು ಅವಳು ತೆತ್ತ ಬೆಲೆ ಅಲ್ಲೇ ಬಿದ್ದಿತ್ತು. "ಇರ್ಲಿ ಬಿಡಿ," ಎಂದು ಪೊದೆ ಸರಿಸಿ ಪೂರ್ವದ ಜೌಗಿನ ಕಡೆ ಹೆಜ್ಜೆ ಹಾಕಿದಳು.

"ಅಲ್ಲೇನಿದೆ?" ಎಂದು ನಾನು ಹಿಂದೆಯೇ ಹೋದೆ.

ಅವಳು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲೇನೂ ಇಲ್ಲ. ಮನೆಗೆ ಹೋಗು ಮಾರಾಯ್ತಿ."