ಬಚ್ಚಮ್ಮನಿಗೆ ಏಳು, ರಂಜಿತಳಿಗೆ ಸೊನ್ನೆ

"ಏನಂದೆ? ನನಗೆ ಊಟದ ಚಟಾನಾ? ಕುಡುಕ್ರಿಗೆ ಇರತ್ತಲ್ಲ, ಆ ಥರಾನಾ? ಲೇ, ನಿನ್ನ ಬಾಯಿಗೆ ಮಣ್ಣು ಹಾಕ!"

"ನಾನು ಹೇಳ್ತಿಲ್ಲಮ್ಮ, ಲೆಕ್ಕ ಹೇಳ್ತಿದೆ." ಚಂದ್ರಮೋಹನ್ ತನ್ನ ಟ್ಯಾಬನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದ. "ಹನ್ನೊಂದಕ್ಕೆ ಏಳು ಬಂದಿದೆ. ಆರು ಮುಟ್ಟಿದ್ರೇ ತೀವ್ರ ಅಂತ."

"ನಿನ್ನ ಲೆಕ್ಕದ ಮನೆ ಹಾಳಾಗ!" ಎಂದಳು ಬಚ್ಚಮ್ಮ.

ಚಂದ್ರಮೋಹನ್ ಕೋಲಾರದ ಕಾಲೇಜಿನಿಂದ ಬಂದವನು. ಆವನಿ ಸುತ್ತಿನ ಊರುಗಳಲ್ಲಿ ಮನೆಮನೆಗೆ ಹೋಗಿ, ತೂಕ ನೋಡಿ, ಪ್ರಶ್ನೆ ಕೇಳಿ, ಯಾರಿಗೆ ತಿನ್ನುವ ಚಟ ಎಷ್ಟಿದೆ ಎಂದು ಅಳೆಯುವುದು ಅವನ ಕೆಲಸ. ಮೆಷಿನ್ ಮೇಲೆ ಹತ್ತಿದಾಗ ಎಂಬತ್ನಾಲ್ಕು ಕಿಲೋ ತೋರಿಸಿತೆಂದು ಬಚ್ಚಮ್ಮ ಬೇಸರಪಟ್ಟಿರಲಿಲ್ಲ. ಪ್ರಶ್ನೆಗಳಿಗೂ ಸುಳ್ಳು ಹೇಳಿರಲಿಲ್ಲ. ಹೊಟ್ಟೆ ತುಂಬಿದ ಮೇಲೂ ತಿಂತೀರಾ? ತಿಂತೀನಿ, ನೆಂಟರ ಮನೇಲಿ ಬೇಡ ಅಂದ್ರೆ ಬಿಡ್ತಾರಾ? ಎರಡು ಕೈಲಿ ಎಲೆ ಮುಚ್ಕೊಂಡ್ರೂ ಬೆರಳ ಸಂದೀಲಿ ಸಾರು ಹುಯ್ತಾರೆ. ಕಡಿಮೆ ತಿನ್ನಬೇಕು ಅಂದ್ಕೊಂಡು ಸೋತಿದೀರಾ? ಪ್ರತಿ ಶನಿವಾರ ಒಪ್ಪತ್ತು ಹಿಡೀತೀನಿ, ಪ್ರತಿ ಶನಿವಾರ ಮುರೀತೀನಿ. ಊಟ ಸಿಗದಿದ್ರೆ ಸಿಟ್ಟು ಬರತ್ತಾ? ಮುದ್ದೆ ಇಲ್ಲದ ದಿನ ನನ್ನ ಗಂಡ ಎದುರಿಗೇ ಬರಲ್ಲ. ಹುಡುಗ ಎಲ್ಲಕ್ಕೂ ಗೆರೆ ಎಳೆದುಕೊಂಡಿದ್ದ.

ಬೇರೆ ದಿನವಾಗಿದ್ದರೆ ಬಚ್ಚಮ್ಮ ನಕ್ಕು ಕಾಫಿ ಕೊಟ್ಟು ಕಳಿಸುತ್ತಿದ್ದಳು. ಆದರೆ ನಡುಮನೆಯ ಕುರ್ಚಿಯಲ್ಲಿ ಭಾವಿ ಬೀಗಿತ್ತಿ ಭಾರತಮ್ಮ ಕೂತಿದ್ದಳು. ನಂಗಲಿ ಕಡೆಯವಳು. ಅವಳ ಮಗ ಶ್ರೀಧರನಿಗೆ ವೇಮಗಲ್‌ನ ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಕೆಲಸ. ಆರು ತಿಂಗಳ ಹಿಂದೆ ಹೆಣ್ಣು ನೋಡಲು ಬಂದವಳು ಬಚ್ಚಮ್ಮನ ಮಗಳು ರಂಜಿತಳ ಕೈಗೆ ಹೊಲಿಸಿದ ರವಿಕೆಯೊಂದನ್ನು ಕೊಟ್ಟು, "ಇದು ನಿನ್ನ ಮೈಗೆ ಹತ್ತಲಿ, ಆಮೇಲೆ ನಿಶ್ಚಿತಾರ್ಥ" ಎಂದು ಹೋಗಿದ್ದಳು. ಅದು ಹುಡುಗಿಯ ಅಳತೆಗಿಂತ ಗೇಣು ಚಿಕ್ಕದು. ಒಳ್ಳೆ ಸಂಬಂಧ ಎಂದು ಬಚ್ಚಮ್ಮ ಹಲ್ಲು ಕಿರಿದು ಒಪ್ಪಿಕೊಂಡಿದ್ದಳು. ಇವತ್ತು ರಂಜಿತ ಅದೇ ರವಿಕೆ ತೊಟ್ಟು ನಿಂತಿದ್ದಳು. ತೋಳಿನಲ್ಲಿ ಇನ್ನೊಂದು ತೋಳು ತೂರಿಸುವಷ್ಟು ಸಡಿಲ. ದಿನ ಗೊತ್ತು ಮಾಡುವುದೊಂದೇ ಬಾಕಿ.

"ನನ್ನ ಸೊಸೇನ ಕೇಳಪ್ಪ," ಎಂದಳು ಭಾರತಮ್ಮ.

ರಂಜಿತ ಎಲ್ಲಕ್ಕೂ ಇಲ್ಲ ಎಂದಳು. ನಲವತ್ನಾಲ್ಕು ಕಿಲೋ. ಅಂಕ ಸೊನ್ನೆ.

"ನಾ ಬಂಗಾರು ತಲ್ಲಿ!" ನನ್ನ ಚಿನ್ನ ಎಂದು ತೆಲುಗಿನಲ್ಲಿ ಮುದ್ದಿಸುತ್ತ ಭಾರತಮ್ಮ ಲಟಿಕೆ ಮುರಿದಳು. "ಮಗಳನ್ನ ನೋಡಿ ಕಲೀರಿ ಬಚ್ಚಮ್ಮ."

"ಇನ್ನೊಂದು ಪುಟ ಇದೆ," ಎಂದ ಚಂದ್ರಮೋಹನ್. "ಸಣ್ಣಗಿರೋರಿಗೂ ಕೇಳ್ಬೇಕು. ತಿಂದಮೇಲೆ ಬೇಕಂತಲೇ ವಾಂತಿ..."

"ಇಲ್ಲ."

ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು. ಬಚ್ಚಮ್ಮನ ಕಣ್ಣು ಹೊಸ್ತಿಲ ಆಚೆ ಮಲಗಿದ್ದ ಕರಿ ನಾಯಿಯ ಮೇಲೆ ಹೋಯಿತು. ಈ ಆರು ತಿಂಗಳಲ್ಲಿ ಅದು ಡೋಲಿನ ಹಾಗೆ ಊದಿಕೊಂಡಿತ್ತು. ಊಟವಾದ ತಕ್ಷಣ ರಂಜಿತ ಹಿಪ್ಪುನೇರಳೆ ತೋಟಕ್ಕೆ ಹೋಗುವಳು, ನಾಯಿ ಬಾಲ ಅಲ್ಲಾಡಿಸುತ್ತ ಹಿಂದೆ ಹೋಗುವುದು. ಹುಡುಗಿಗೆ ನಾಯಿ ಅಂದರೆ ಪ್ರಾಣ ಎಂದು ಬಚ್ಚಮ್ಮ ಊರಿಗೆಲ್ಲ ಹೇಳಿದ್ದಳು.

ಮೂವತ್ತು ವರ್ಷ ರೇಷ್ಮೆಹುಳ ಸಾಕಿದವಳು ಅವಳು. ಕತ್ತಲಲ್ಲೂ ಸೊಪ್ಪು ಮೇಯುವ ಸದ್ದು ಕೇಳಿಯೇ ಯಾವ ತಟ್ಟೆಯಲ್ಲಿ ಹುಳಕ್ಕೆ ಹುಷಾರಿಲ್ಲ ಎಂದು ಹೇಳುವಳು. ತಿಂದದ್ದನ್ನು ಕಕ್ಕುವ ಹುಳ ಸಾವಿರದಲ್ಲಿ ಒಂದಿದ್ದರೂ ಹೆಕ್ಕಿ ತೆಗೆಯುವಳು. ಎದ್ದು ಹೋಗಿ ಮಗಳ ಬಲಗೈ ಹಿಡಿದು ತಿರುಗಿಸಿದಳು. ಬೆರಳ ಗೆಣ್ಣುಗಳ ಮೇಲೆ ಗೀರು ಗಾಯ.

"ಏನೇ ಇದು?"

"ಸೊಪ್ಪು ಕೊಯ್ಯೋವಾಗ ಕುಡ್ಲು ತಗುಲ್ತು ಕಣಮ್ಮ."

"ಕುಡ್ಲು ಇರೋದೇ ಬಲಗೈಲಿ. ತಗುಲಿದ್ರೆ ಎಡಗೈಗೆ ತಗುಲ್ಬೇಕು. ಇದು ಗಂಟಲಿಗೆ ಬೆರಳು ಹಾಕ್ದಾಗ ತಗುಲಿದ ಹಲ್ಲು. ಹೇಳೇ, ನಾನೇನು ನಿನ್ನ ತಿಂದುಬಿಡಲ್ಲ. ಏಳೇ ಬಂದಿರೋದು ನನಗೆ."

ರಂಜಿತಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ದಿನಾ ಮಾಡ್ಕೋತೀನಿ," ಎಂದಳು. "ಹಸಿವು ತಡೆಯಕ್ಕಾಗಲ್ಲ. ಹುಳದ ಮನೇಲಿ ಬಚ್ಚಿಟ್ಟು ಒಂದು ಪೌಂಡು ಬ್ರೆಡ್ಡು ಒಂದೇ ಸಲ ತಿಂತೀನಿ. ನಿಲ್ಲಿಸಕ್ಕೇ ಆಗಲ್ಲಮ್ಮ. ಆಮೇಲೆ ರವಿಕೆ ಹತ್ತಲ್ಲ ಅಂತ ಭಯ ಆಗತ್ತೆ, ತೋಟಕ್ಕೆ ಹೋಗ್ತೀನಿ."

ಚಂದ್ರಮೋಹನ್ ಸೊನ್ನೆಯನ್ನು ಅಳಿಸಲು ಟ್ಯಾಬಿನ ಮೇಲೆ ಬೆರಳಿಟ್ಟ.

"ಬರ್ಕೋಬೇಡಪ್ಪ!" ಭಾರತಮ್ಮ ಕೈ ಅಡ್ಡ ಹಿಡಿದಳು. "ಸೊನ್ನೇನೇ ಇರಲಿ. ನೋಡಿ ಬಚ್ಚಮ್ಮ, ಇದು ನಮ್ಮಲ್ಲೇ ಇರಲಿ. ಮದುವೆ ಆದ್ಮೇಲೆ ತಾನೇ ಸರಿಹೋಗತ್ತೆ. ಬರೋ ಗುರುವಾರ ದಿನ ಚೆನ್ನಾಗಿದೆ, ಗೊತ್ತು ಮಾಡೋಣ. ಅಲ್ಲಿವರೆಗೂ ಇದೇ ಮೈ ಇರಲಿ ಅಷ್ಟೇ."

ಪರ್ಮನೆಂಟ್ ಕೆಲಸ. ಕುಡಿಯದ ಹುಡುಗ. ಬಚ್ಚಮ್ಮ ಒಂದು ಕ್ಷಣ ಅದನ್ನೆಲ್ಲ ನೆನೆಸಿಕೊಂಡದ್ದು ನಿಜ. ಆಮೇಲೆ ಮಗಳ ಗೆಣ್ಣಿನ ಗಾಯವನ್ನು ಸೆರಗಿನಿಂದ ಒರೆಸಿದಳು.

"ಬರ್ಕೊಳಪ್ಪ. ಪೂರ್ತಿ ಬರ್ಕೋ. ಇದನ್ನ ನೋಡೋ ಡಾಕ್ಟ್ರು ಯಾರು ಅಂತ ಹೇಳು, ನಾಳೆ ಬೆಳಿಗ್ಗೆ ಬಸ್ಸಿಗೇ ಕರ್ಕೊಂಡು ಬರ್ತೀನಿ. ಲೇ ರಂಜಿತ, ಆ ರವಿಕೆ ಬಿಚ್ಚಿ ತಾರೇ."

ರಂಜಿತ ಒಳಗೆ ಹೋದವಳು ಹಳೆಯ ನೈಟಿ ಹಾಕಿಕೊಂಡು ಬಂದಳು. ಬಚ್ಚಮ್ಮ ರವಿಕೆಯನ್ನು ನೀಟಾಗಿ ಮಡಿಸಿ ಭಾರತಮ್ಮನ ಮಡಿಲಿಗೆ ಇಟ್ಟಳು.

"ತಗೊಳ್ಳಿ ಭಾರತಮ್ಮ. ಇದನ್ನ ಮೊದಲು ನಿಮ್ಮ ಮಗನಿಗೆ ತೊಡಿಸಿ ನೋಡಿ. ಆ ಹೊಟ್ಟೆ ಮೇಲೆ ಗುಂಡಿ ಕೂತರೆ ಗುರುವಾರದ ಮಾತಾಡೋಣ."

ಭಾರತಮ್ಮ ಎದ್ದಳು. ರವಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಏಳಲು ಒಲ್ಲದ ಕರಿ ನಾಯಿಯನ್ನು ದಾಟಿ ಅಂಗಳಕ್ಕಿಳಿದಳು. ಆ ಕಡೆ ಯಾರೇ ಹೊರಟರೂ "ಹೋಗಿ ಬರ್ತೀನಿ" ಅನ್ನುವುದು ರೂಢಿ. ಅವಳು "ಹೋಗ್ತೀನಿ" ಎಂದಷ್ಟೇ ಹೇಳಿದಳು, ಆಡಿದ ಮಾತಿನಂತೆ ಮತ್ತೆ ಬರಲೇ ಇಲ್ಲ.