ಹದಿನೇಳನೆಯ ಪುಟ

ನನ್ನ ಅಮ್ಮ ದರ್ಜಿ. ಅವಳ ಅಂಗಡಿಯಲ್ಲಿ ತಪ್ಪಿಗೆ ಒಂದೇ ಮದ್ದು: ಬಿಚ್ಚು, ಮತ್ತೆ ಹೊಲಿ. ಹಳೆಯ ಹೊಲಿಗೆಯ ತೂತೂ ಕಾಣದ ಹಾಗೆ ಉಗುರಿನಿಂದ ಉಜ್ಜಿ, ಇಸ್ತ್ರಿ ಮಾಡಿ, ಗಿರಾಕಿಯ ಕೈಗೆ ಕೊಡಬೇಕು. ಹದಿನೆಂಟು ವರ್ಷ ಅದನ್ನೇ ನೋಡಿಕೊಂಡು ಬೆಳೆದವಳು ನಾನು. ಹಾಗಾಗಿ ಪ್ರಯೋಗದ ಪುಸ್ತಕದಿಂದ ಒಂದು ಹಾಳೆ ಹರಿದು, ಸರಿ ಬಂದದ್ದನ್ನು ಮಾತ್ರ ಮುಂದಿನ ಪುಟದಲ್ಲಿ ಅಂದವಾಗಿ ಬರೆದಾಗ ಅದು ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ.

ವಿಶ್ವವಿದ್ಯಾಲಯಕ್ಕೆ ನಾನು ಸೇರಿದ್ದೇ ಐದು ದಿನ ತಡವಾಗಿ. ಆ ಐದು ದಿನಗಳಲ್ಲೇ ರಸಾಯನಶಾಸ್ತ್ರದ ಮೇಡಂ ನಿಯಮ ಹೇಳಿ ಮುಗಿಸಿದ್ದರಂತೆ. ಪುಸ್ತಕದ ಪುಟಗಳಿಗೆ ಅಚ್ಚು ಹಾಕಿದ ಸಂಖ್ಯೆ ಇದೆ, ಒಂದನ್ನೂ ಹರಿಯುವ ಹಾಗಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ, ಪಕ್ಕದಲ್ಲಿ ಸಹಿ. ಗೆರೆಯ ಕೆಳಗೆ ಆ ತಪ್ಪು ಓದಲು ಬರುತ್ತಿರಬೇಕು. ಇಂಥದ್ದೊಂದು ನಿಯಮ ಈ ಲೋಕದಲ್ಲಿದೆ ಅಂತ ನನಗೆ ಗೊತ್ತಾದದ್ದು ಬುಧವಾರ ಬೆಳಗ್ಗೆ ಒಂಬತ್ತೂವರೆಗೆ, ಮೇಡಂ ಎಲ್ಲರೆದುರು ನನ್ನ ಪುಸ್ತಕ ಎತ್ತಿ ಹಿಡಿದಾಗ.

"ಹದಿನಾರು ಆದ್ಮೇಲೆ ಹತ್ತೊಂಬತ್ತು. ಮಧ್ಯದ ಹಾಳೆ ಎಲ್ಲಿ?"

"ಹರಿದೆ ಮೇಡಂ. ತಪ್ಪಾಗಿತ್ತು."

"ಹತ್ತೊಂಬತ್ತರಲ್ಲಿ ಮೂರು ಸಲಾನೂ ಹದಿನಾಲ್ಕು ಪಾಯಿಂಟ್ ಆರು ಎಂ.ಎಲ್. ಬ್ಯುರೆಟ್ ಹಿಡಿಯೋಕೆ ಕಲಿತು ಮೂರು ವಾರ ಆಗಿಲ್ಲ. ಇದು ನಿನ್ನ ಕೈಯಿಂದ ಬಂತೋ, ಪಕ್ಕದವರ ಪುಸ್ತಕದಿಂದ ಬಂತೋ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಹನ್ನೊಂದಕ್ಕೆ ವಿಭಾಗದ ಮುಖ್ಯಸ್ಥರಿಗೆ ತಪ್ಪಿತಸ್ಥರ ಪಟ್ಟಿ ಕಳಿಸ್ತೀನಿ. ಅಷ್ಟರೊಳಗೆ ಹಾಳೆ ತಂದ್ರೆ ನೋಡೋಣ. ಇಲ್ಲಾಂದ್ರೆ ಕಾಪಿ ಅಂತ ಬರೀತೀನಿ, ಲ್ಯಾಬಿಗೆ ಸೊನ್ನೆ."

ಲ್ಯಾಬಿಗೆ ಸೊನ್ನೆ ಬಂದರೆ ಇಡೀ ವರ್ಷ ಮತ್ತೆ ಓದಬೇಕು. ಮತ್ತೆ ಓದುವವರಿಗೆ ಹಾಸ್ಟೆಲ್ ಇಲ್ಲ. ಹಾಸ್ಟೆಲ್ ಇಲ್ಲದಿದ್ದರೆ ನಾನು ಊರಿಗೆ ಹೋಗಿ ಅಂಗಿ ಗುಂಡಿಯ ಕಾಜಾ ಹೊಲಿಯುತ್ತ ಕೂರುವುದೇ ಸೈ.

ಹಾಳೆ ಇತ್ತು. ಅಮ್ಮ ಬಟ್ಟೆಯ ಚೂರನ್ನೂ ಎಸೆಯುವವಳಲ್ಲ, ನಾನೂ ಅಷ್ಟೇ. ಅದನ್ನು ಎಂಟು ಮಡಿಕೆ ಮಾಡಿ ಹಾಸ್ಟೆಲ್ ಕೋಣೆಯ ಮೇಜಿನ ಕುಂಟುಕಾಲಿನ ಕೆಳಗೆ ಇಟ್ಟಿದ್ದೆ. ಆದರೆ ಅದನ್ನು ಹರಿದದ್ದು ಅಂಕಿ ತಪ್ಪಾಯಿತೆಂದು ಮಾತ್ರ ಅಲ್ಲ. ಅವತ್ತು ಬ್ಯುರೆಟ್ಟಿನ ಗಾಜಿನ ಕೊಳವೆಯಿಂದ ಪ್ರತಿ ಸಲ ಹನಿ ಹೆಚ್ಚಾಗಿ ಬಿದ್ದು, ತಿಳಿ ಗುಲಾಬಿಗೆ ನಿಲ್ಲಬೇಕಾದ ನೀರು ಕಡು ಬಣ್ಣಕ್ಕೆ ತಿರುಗುತ್ತಿತ್ತು. ಆರನೆಯ ಸಲ ಕೆಟ್ಟಾಗ ಪುಟದ ಅಂಚಿನಲ್ಲಿ ನಾನೇ ಬರೆದಿದ್ದೆ: ಅಮ್ಮಾ, ನನಗೆ ಇಲ್ಲಿ ಆಗ್ತಿಲ್ಲ. ಆಮೇಲೆ ಮತ್ತೆ ಐದು ಸಲ ಮಾಡಿದೆ. ಅದಾದ ಮೇಲೆ ಮೂರು ಸಲ ಹದಿನಾಲ್ಕು ಪಾಯಿಂಟ್ ಆರಕ್ಕೇ ನಿಂತಿತು, ಹೊಸ ಪುಟದಲ್ಲಿ ಬರೆದದ್ದು ಅವನ್ನೇ. ಹಾಳೆ ಸಿಕ್ಕರೆ ಮೇಡಂ ಅದನ್ನು ಓದುತ್ತಾರೆ, ಸಿಗದಿದ್ದರೆ ವರ್ಷ ಹೋಗುತ್ತದೆ. ದಾರಿಯುದ್ದಕ್ಕೂ ಓಡುತ್ತಲೇ ಅದು ಸಿಗದಿರಲಿ ಎಂದೂ ಬೇಡಿಕೊಂಡೆ. ಅಷ್ಟು ಮೂರ್ಖಿ ನಾನು.

ಕೋಣೆ ತಲುಪಿದಾಗ ಹತ್ತು ಗಂಟೆ. ಮೇಜಿನ ಕಾಲಿನ ಕೆಳಗೆ ಹೊಸ ರಟ್ಟು ಇತ್ತು.

ನನ್ನ ಕೋಣೆಯ ಜೊತೆಗಾತಿಯನ್ನು ನಾವೆಲ್ಲ ಅಲಾರಂ ಅನ್ನುತ್ತೇವೆ. ಐದಕ್ಕೆ ಎದ್ದು ಮಿಕ್ಕವರ ನಿದ್ದೆಯನ್ನೂ ಕೆಡಿಸುವ ಪುಣ್ಯಾತ್ಗಿತ್ತಿ. ಅವಳು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದಳು.

"ಇಲ್ಲಿದ್ದ ಕಾಗದ ಎಲ್ಲೇ?"

"ಅದಾ, ಕಸಕ್ಕೆ ಹಾಕಿದೆ. ಮೇಜು ಅಲ್ಲಾಡ್ತಾನೇ ಇತ್ತಲ್ಲ, ರಟ್ಟು ಇಟ್ಟೆ. ಯಾಕೆ, ಪ್ರೇಮಪತ್ರಾನಾ?"

ನನಗೆ ಅವಳ ಜಡೆ ಹಿಡಿದು ಜಗ್ಗುವಷ್ಟು ಸಿಟ್ಟು ಬಂತು. ಜಗ್ಗಲು ಪುರುಸೊತ್ತಿರಲಿಲ್ಲ. ಬುಟ್ಟಿ ಖಾಲಿಯಾಗಿತ್ತು. ನಮ್ಮ ಮಹಡಿ ಗುಡಿಸುವ ಅಕ್ಕ ಕಸದ ಮೂಟೆ ಹೊತ್ತು ಆಗಲೇ ಕೆಳಗಿನ ಮೆಟ್ಟಿಲಲ್ಲಿದ್ದರು. ಎರಡೆರಡು ಮೆಟ್ಟಿಲು ಹಾರಿ ಅವರ ಮುಂದೆ ನಿಂತೆ.

"ಅಕ್ಕಾ, ಸ್ವಲ್ಪ ಮೂಟೆ ಬಿಚ್ತೀರಾ? ನನ್ನ ಹಾಳೆ ಹೋಗಿದೆ."

"ಎರಡು ಮಹಡಿ ಕಸ ಇದೆ ಇದ್ರಲ್ಲಿ. ಯಾವ ಹಾಳೆ ಅಂತ ಹುಡುಕ್ತೀಯಾ?"

"ವರ್ಷ ಹೋಗುತ್ತೆ ಅಕ್ಕಾ."

ಅವರು ನನ್ನ ಮುಖ ನೋಡಿದರು. ಬೈಯದೆ ಮೂಟೆಯನ್ನು ಅಂಗಳಕ್ಕೆ ಒಯ್ದು ಸುರಿದರು. "ಆಮೇಲೆ ತುಂಬೋದು ನೀನೇ," ಅಂದರು. ಉದುರಿದ ಕೂದಲು, ಒದ್ದೆ ಚಹಾಪುಡಿ, ಹಣ್ಣಿನ ಸಿಪ್ಪೆ, ಎಲ್ಲದಕ್ಕೂ ಕೈ ಹಾಕಿದೆ. ಕೊನೆಗೆ ಅಕ್ಕನೇ ಪೊರಕೆಯ ತುದಿಯಿಂದ ಒಂದು ಮಡಿಕೆಯನ್ನು ನನ್ನತ್ತ ತಳ್ಳಿದರು. ಚಹಾ ಕುಡಿದು ಅರ್ಧ ಕಂದಾಗಿದ್ದ ಹದಿನೇಳನೆಯ ಪುಟ. ಅಂಕಿಗಳು ಉಳಿದಿದ್ದವು. ಆ ಸಾಲೂ ಉಳಿದಿತ್ತು, ಮಿಕ್ಕದ್ದೆಲ್ಲಕ್ಕಿಂತ ಸ್ಪಷ್ಟವಾಗಿ.

ಕಸ ತುಂಬಿ, ಕೈ ತೊಳೆದು, ವಿಭಾಗಕ್ಕೆ ಓಡುವಾಗ ಹತ್ತೂ ಐವತ್ತು. ಮೇಡಂ ಕೋಣೆಯ ಹೊರಗೆ ನಿಂತು ಪೆನ್ನಿನ ಡಬ್ಬಿ ತೆರೆದೆ. ಅದರಲ್ಲಿ ಅಮ್ಮ ಕೊಟ್ಟ ದಾರ ಕತ್ತರಿಸುವ ಪುಟ್ಟ ಕತ್ತರಿ ಇತ್ತು. ಅಂಚನ್ನು ಬೆರಳಗಲ ಕತ್ತರಿಸಿದರೆ ಮುಗಿಯಿತು, ಅಂಕಿಗಳು ಮಾತ್ರ ಉಳಿಯುತ್ತವೆ. ಕತ್ತರಿಯ ಬಾಯಿ ಕಾಗದಕ್ಕೆ ಇಟ್ಟೆ. ಆದರೆ ಕತ್ತರಿಸಿದ ಅಂಚು ನೋಡಿದರೆ ಅವರು ಮೊದಲು ಕೇಳುವುದೇ ಇಲ್ಲೇನಿತ್ತು ಅಂತ. ಕತ್ತರಿಯನ್ನು ಒಳಗಿಟ್ಟು ಬಾಗಿಲು ತಟ್ಟಿದೆ.

ಮೇಡಂ ಮೇಜಿನ ಮೇಲೆ ಪಟ್ಟಿ ಸಿದ್ಧವಾಗಿತ್ತು. ಮೂರನೆಯ ಹೆಸರು ನನ್ನದು. ಅವರು ಹಾಳೆಯ ವಾಸನೆಗೆ ಮೂಗು ಸುಕ್ಕಿಸಿ, ಹರಿದ ಅಂಚನ್ನು ಪುಸ್ತಕದ ಬುಡಕ್ಕೆ ಹೊಂದಿಸಿ ನೋಡಿದರು. ಕೂಡಿತು. ಆಮೇಲೆ ಅಂಕಿಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. "ಹತ್ತೊಂಬತ್ತು ಪಾಯಿಂಟ್ ಎರಡು. ಹದಿನೆಂಟು. ಹದಿನೇಳು ಪಾಯಿಂಟ್ ಐದು..." ಆರನೆಯದರ ಹತ್ತಿರ ಬೆರಳು ನಿಂತಿತು. ಅಂಚಿನ ಸಾಲಿಗೆ ಸರಿಯಿತು. ನಾನು ನೆಲ ನೋಡಿದೆ. ಅವರು ಅದನ್ನು ಗಟ್ಟಿಯಾಗಿ ಓದಲಿಲ್ಲ. ಬೆರಳು ಮತ್ತೆ ಏಳನೆಯ ಅಂಕಿಗೆ ಇಳಿಯಿತು.

"ಹನ್ನೊಂದನೇದು ಹದಿನಾಲ್ಕು ಪಾಯಿಂಟ್ ಏಳು," ಅಂದರು ಕೊನೆಗೆ. "ಇಳೀತಾ ಇಳೀತಾ ಬಂದಿದೆ. ಇದನ್ನೇನೇ ಹರಿದು ಎಸೆದದ್ದು? ನೀನು ಮಾಡಿದ ಕೆಲಸ ಎಲ್ಲ ಇದ್ರಲ್ಲೇ ಇದೆಯಲ್ಲ."

ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದರು. ಹಾಳೆ ಹರಿದದ್ದಕ್ಕೆ ಎರಡು ಅಂಕ ಕಳೆದರು, ಅದನ್ನೇನೂ ಬಿಡಲಿಲ್ಲ. ಗೋಂದಿನಿಂದ ಹಾಳೆಯನ್ನು ಮತ್ತೆ ಅಂಟಿಸಿ ಪುಸ್ತಕವನ್ನು ನನ್ನೆಡೆಗೆ ತಿರುಗಿಸಿದರು.

"ತಪ್ಪಾಗಿರೋದರ ಮೇಲೆಲ್ಲ ಗೆರೆ ಎಳಿ. ಸಹಿ ಮಾಡು."

ಹನ್ನೊಂದು ಗೆರೆ ಎಳೆದೆ, ಹನ್ನೊಂದು ಸಹಿ ಮಾಡಿದೆ. ಪೆನ್ನು ಅಂಚಿನ ಸಾಲಿನ ಹತ್ತಿರ ಬಂದು ನಿಂತಿತು.

"ಅದು?" ಅಂದರು ಮೇಡಂ.

"ಅದು ತಪ್ಪಲ್ಲ ಮೇಡಂ."

ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. "ಹಾಗಾದ್ರೆ ಬಿಡು," ಅಂದರು.

ಮೆಟ್ಟಿಲ ಮೇಲೆ ಕುಳಿತು ಅಮ್ಮನಿಗೆ ಫೋನ್ ಮಾಡಿದೆ. ಅವಳು ಹೊಲಿಯುತ್ತಲೇ ಮಾತಾಡುವವಳು, ಮೂರು ವಾರದಿಂದ ನಮ್ಮ ಮಾತೆಲ್ಲ ಯಂತ್ರದ ಸದ್ದಿನ ನಡುವೆಯೇ ಆಗಿತ್ತು.

"ಏನೇ, ಈ ಹೊತ್ತಲ್ಲಿ? ಎಲ್ಲಾ ಚೆನ್ನಾಗಿದೆ ತಾನೇ?"

"ಇಲ್ಲಮ್ಮ," ಅಂದೆ.

ಆ ಕಡೆ ಯಂತ್ರ ನಿಂತಿತು. "ಹೇಳು," ಅಂದಳು.