ಸ್ಪೇನಿಗೆ ಹೋಗದ ಸಿಗಡಿ

ಜನವರಿಯ ಚಳಿಯಲ್ಲಿ, ಸ್ಕಾಟ್ಲೆಂಡಿನ ಸಣ್ಣ ಬಂದರಿನಲ್ಲಿ ಈಶ್‌ಬೆಲ್ ತಾನು ಹಿಡಿದ ಜೀವಂತ ಸಿಗಡಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ದೇಶ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಸರಕಿನ ಆರೋಗ್ಯ ಪತ್ರಕ್ಕೆ ಪಶುವೈದ್ಯರ ಸಹಿಯಿಲ್ಲದೆ ಲಾರಿ ಸ್ಪೇನಿಗೆ ಹೊರಡುವಂತಿರಲಿಲ್ಲ.

“ಸಹಿ ನಾಡಿದ್ದಂತೆ. ಅಷ್ಟೊತ್ತಿಗೆ ಇವೆಲ್ಲ ಸಾಯ್ತವೆ. ದೋಣಿ ಮಾರಿ ಸುಮ್ನಿದ್ಬಿಡಕ್ಕ,” ಎಂದ ದಲ್ಲಾಳಿ ಟಾರ್ಕಿಲ್.

“ಮಾರೋಕೆ ಅದೇನು ನಿಮ್ಮಪ್ಪ ಕೊಡಿಸಿದ್ದೇನೋ?”

ಅವಳು ಕಟ್ಟೆಯ ಮೇಲೆಯೇ ಒಲೆ ಹಚ್ಚಿ, ಹಂಡೆಯಲ್ಲಿ ಸಮುದ್ರದ ನೀರು ಕುದಿಸಿದಳು. ಆ ಊರಿನವರು ತಲೆಮಾರುಗಳಿಂದ ಸಿಗಡಿ ಹಿಡಿದವರೇ ಹೊರತು ತಿಂದವರಲ್ಲ.

“ಬನ್ರೋ, ಸ್ಪೇನಿನೋರ ಊಟ ಇವತ್ತು ನಮ್ದು!”

ಸಂಜೆಯೊಳಗೆ ಪೆಟ್ಟಿಗೆಗಳೆಲ್ಲ ಖಾಲಿಯಾದವು. ತಿಂದವರು ಕೊಟ್ಟದ್ದರಲ್ಲಿ ದೋಣಿಯ ಡೀಸೆಲಿಗಾಗುವಷ್ಟು ದುಡ್ಡು ಹುಟ್ಟಿತು. ಟಾರ್ಕಿಲ್ ಬೆರಳು ಚೀಪುತ್ತ ಕೇಳಿದ:

“ನಾಳೆ ಏನ್ಮಾಡ್ತೀಯಕ್ಕ?”

“ಸಮುದ್ರಕ್ಕೆ ಹೋಗ್ತೀನಿ. ನೀನು ಮೊದ್ಲು ತಿಂದಿದ್ದಕ್ಕೆ ದುಡ್ಡಿಡು.”

ಅವನು ಇಟ್ಟ.